ಕಿಸೆಯಲ್ಲೊಂದು ಅಂಗಡಿ



ನಾಳೆ ಖಂಡೇನವಮಿ. ಮಲಪ್ರಭೆಯ ದಂಡೆಯ ಮೇಲಿರುವ ನಮ್ಮ ಮುನವಳ್ಳಿಯಲ್ಲಿ ಇವತ್ತು ಅಂಗಳ ಅಂಗಳದಲ್ಲೂ ಕಬ್ಬಿಣದ ಸಪ್ಪಳ. ಕುಡಗೋಲು, ಕೊಡಲಿ, ಸಲಿಕೆ, ಕುರ್ಪಿ, ಕುಂಟೆ, ಕೂರಿಗೆ ಎಲ್ಲ ಮೂಲೆಯಿಂದ ಹೊರಗೆ ಬಂದಿವೆ. ಬಡಿಗರ ಮನೆಯಲ್ಲಿ ಬಾಚಿ, ಉಳಿ. ನೇಕಾರರ ಮನೆಯಲ್ಲಿ ಮಗ್ಗದ ಲಾಳಿ. ಸಿಂಪಿಗರ ಅಂಗಡಿಯಲ್ಲಿ ಕತ್ತರಿ ಮತ್ತು ಹೊಲಿಗೆ ಯಂತ್ರ. ವರ್ಷವಿಡೀ ನಮಗಾಗಿ ಸವೆದ ವಸ್ತುಗಳನ್ನು ತೊಳೆದು, ಒರೆಸಿ, ಎಣ್ಣೆ ಹಚ್ಚುವ ದಿನ ಇದು. ನಾಳೆ ಬೆಳಿಗ್ಗೆ ಅವುಗಳಿಗೆ ವಿಭೂತಿ, ಕುಂಕುಮ, ಚೆಂಡುಹೂ. ಪೂಜೆಗೆ ಇಟ್ಟದ್ದನ್ನು ನಾಡಿದ್ದು ಬನ್ನಿ ಮುಡಿಯುವವರೆಗೆ ನಮ್ಮ ಮನೆಯಲ್ಲಿ ಯಾರೂ ಮುಟ್ಟುವುದಿಲ್ಲ.

ಆ ಸಾಲಿನ ತುದಿಗೆ ನಾನು ಪ್ರತಿ ವರ್ಷ ಒಂದು ಚಿಕ್ಕ ವಸ್ತುವನ್ನು ಇಡುತ್ತೇನೆ. ಮಡಚಿದರೆ ಮೂರೂವರೆ ಇಂಚು ಉದ್ದ, ಕೆಂಪು ಹಿಡಿಕೆ, ಮುಷ್ಟಿಯೊಳಗೆ ಅಡಗುತ್ತದೆ. ಅದು ನನ್ನ ಮಡಚುವ ಚಾಕು. ಚಾಕು ಎಂದು ಕರೆದರೂ ಅದರ ಹೊಟ್ಟೆಯಲ್ಲಿ ಹನ್ನೆರಡು ಬಗೆಯ ಕೆಲಸ ಅಡಗಿದೆ. ಕೃಷಿ ಇಲಾಖೆಯಲ್ಲಿ ಸಹಾಯಕನಾಗಿ ಸವದತ್ತಿ, ಬೈಲಹೊಂಗಲ, ರಾಮದುರ್ಗದ ಹಳ್ಳಿಗಳನ್ನು ಸುತ್ತಿದ ಕಾಲದಲ್ಲೂ, ನಿವೃತ್ತನಾಗಿ ಊರಲ್ಲಿ ಕುಳಿತ ಈ ಕಾಲದಲ್ಲೂ ಅದು ನನ್ನ ಜೊತೆಗಿದೆ. ರೈತರು ಅದಕ್ಕೊಂದು ಹೆಸರಿಟ್ಟಿದ್ದರು. ಬದುವಿನ ಮೇಲೆ ಏನಾದರೂ ಕೆಟ್ಟು ನಿಂತರೆ ಸಾಕು, "ಸಾಹೇಬ್ರ, ನಿಮ್ಮ ಕಿಸೆದಾಗಿನ ಅಂಗಡಿ ತಗೀರಿ" ಅನ್ನುತ್ತಿದ್ದರು. ಆ ಅಂಗಡಿ ನನಗೆ ಕಲಿಸಿದ ಒಂದು ಮಾತನ್ನು ನಿಮ್ಮ ಮುಂದೆ ಇಡಬೇಕೆಂದು ಬಂದಿದ್ದೇನೆ.

ಮೊದಲು ನಮ್ಮ ಅಜ್ಜನಿಂದ ಶುರು ಮಾಡಬೇಕು. ಅಜ್ಜನ ಸೊಂಟದಲ್ಲಿ ಯಾವಾಗಲೂ ಒಂದು ಚಂಚಿ ಇರುತ್ತಿತ್ತು. ನಮ್ಮ ಕಡೆಯ ಹಿರಿಯರಿಗೆ ಚಂಚಿಯ ಪರಿಚಯ ಹೇಳಬೇಕಾಗಿಲ್ಲ, ಕಿರಿಯರಿಗಾಗಿ ಹೇಳುತ್ತೇನೆ. ಹಲವು ಖಾನೆಗಳಿರುವ ಬಟ್ಟೆಯ ಚೀಲ, ಬಾಯಿಗೆ ಎಳೆದಾರ. ಒಂದು ಖಾನೆಯಲ್ಲಿ ಎಲೆ, ಒಂದರಲ್ಲಿ ಅಡಿಕೆ, ಒಂದರಲ್ಲಿ ಸುಣ್ಣದ ಡಬ್ಬಿ, ಒಂದರಲ್ಲಿ ಅಡಕೊತ್ತು. ಎಲ್ಲಕ್ಕಿಂತ ಒಳಗೆ ಚಕಮಕಿ ಕಲ್ಲು ಮತ್ತು ಉಕ್ಕಿನ ತುಂಡು. ಉಡಿದಾರಕ್ಕೆ ಒಂದು ಹಿತ್ತಾಳೆಯ ಬಳೆ. ಅದರಲ್ಲಿ ಪೋಣಿಸಿದ ಮುಳ್ಳು ಕೀಳುವ ಚಿಮಟ, ಕಿವಿಯ ಗುಗ್ಗೆ ತೆಗೆಯುವ ಕಡ್ಡಿ, ಹಲ್ಲುಕಡ್ಡಿ. ಅಜ್ಜ ಹೊಲಕ್ಕೆ ಹೊರಟರೆ ಬೇಕಾದದ್ದೆಲ್ಲ ಮೈಮೇಲೆಯೇ ಇರುತ್ತಿತ್ತು.

ಹೀಗೆ ಉಪಕರಣವನ್ನು ಮೈಗೆ ಕಟ್ಟಿಕೊಂಡು ಬದುಕುವುದು ನಮ್ಮ ನಾಡಿಗೆ ಹಳೆಯ ರೂಢಿ. 12ನೇ ಶತಮಾನದ ಶರಣರ ಹೆಸರುಗಳನ್ನು ನೆನೆಯಿರಿ. ಸೂಜಿಕಾಯಕದ ರಾಮಿತಂದೆ. ಬಾಚಿಕಾಯಕದ ಬಸವಯ್ಯ. ಕದಿರು ಹಿಡಿದು ನೂಲು ತೆಗೆದ ಕದಿರ ರೆಮ್ಮವ್ವೆ. ಹಡಪದ ಅಪ್ಪಣ್ಣ. ಹಡಪವೆಂದರೆ ಎಲೆ ಅಡಿಕೆಯ ಸಂಚಿ. ಕ್ಷೌರದ ಕತ್ತಿ, ಕತ್ತರಿ, ಸಾಣೆಕಲ್ಲುಗಳನ್ನು ಇಟ್ಟುಕೊಳ್ಳುವ ಚೀಲಕ್ಕೂ ಅದೇ ಹೆಸರು. ಇವರ ಹೆಸರಿನ ಮುಂದೆ ಊರು ಬರಲಿಲ್ಲ, ಮನೆತನ ಬರಲಿಲ್ಲ; ಕೈಯಲ್ಲಿ ಹಿಡಿದ ವಸ್ತು ಬಂತು. ದುಡಿಯುವ ಕೈಗೆ ಇದಕ್ಕಿಂತ ದೊಡ್ಡ ಗೌರವ ಯಾವುದಿದೆ?

ನನಗೆ ಹತ್ತು ವರ್ಷವಿದ್ದಾಗ ಭಾರತ ಹುಣ್ಣಿಮೆಗೆ ಅಜ್ಜ ನನ್ನನ್ನು ಎಲ್ಲಮ್ಮನ ಗುಡ್ಡಕ್ಕೆ ಕರೆದೊಯ್ದರು. ಜಾತ್ರೆಯ ಅಂಗಡಿಸಾಲಿನಲ್ಲಿ ಅಡಕೊತ್ತು, ಈಳಿಗೆ, ಚಾಕು ಹರಡಿಕೊಂಡು ಒಬ್ಬರು ಕುಳಿತಿದ್ದರು. ಹಟ ಮಾಡಿ ಒಂದು ಮಡಚುವ ಚಾಕು ಕೊಡಿಸಿಕೊಂಡೆ. ಒಂದು ಅಲಗು, ಒಂದು ಡಬ್ಬಿ ತೆರೆಯುವ ಕೊಕ್ಕೆ, ಅಷ್ಟೇ. ಊರಿಗೆ ಬಂದವನಿಗೆ ಏನನ್ನಾದರೂ ಕೊಯ್ಯಬೇಕೆಂಬ ತವಕ. ಕೊಟ್ಟಿಗೆಯಲ್ಲಿ ಎತ್ತಿನ ಕಣ್ಣಿಯ ಗಂಟು ಬಿಗಿದು ಕುಳಿತಿತ್ತು. ಬಿಚ್ಚಲು ಎರಡು ಸಲ ನೋಡಿ, ಚಾಕು ತೆಗೆದು ಹಗ್ಗವನ್ನೇ ಕೊಯ್ದುಬಿಟ್ಟೆ.

ಅಜ್ಜ ಹೊಡೆಯಲಿಲ್ಲ. ಕೊಯ್ದ ಎರಡು ತುದಿಗಳನ್ನು ನನ್ನ ಕೈಗೆ ಕೊಟ್ಟು ಎದುರಿಗೆ ಕೂರಿಸಿಕೊಂಡರು. ಹುರಿ ಬಿಚ್ಚಿ ಮೂರು ಮೂರು ಎಳೆ ಬಿಡಿಸಲು ಹೇಳಿದರು. ಒಂದು ಬದಿಯ ಎಳೆಯನ್ನು ಇನ್ನೊಂದು ಬದಿಯ ಹುರಿಯೊಳಗೆ, ಒಂದರ ಮೇಲೆ, ಒಂದರ ಕೆಳಗೆ ತೂರಿಸುತ್ತ ಹೋಗಬೇಕು. ಆ ಸಂಜೆಯೆಲ್ಲ ಬೇಕಾಯಿತು. ಬೆರಳ ತುದಿಗಳು ಕೆಂಪಾದವು. ಹೆಣೆದು ಮುಗಿದಾಗ ಅಜ್ಜ ಹೇಳಿದ ಮಾತು ಇಷ್ಟೇ: "ತಮ್ಮಾ, ಕೊಯ್ಯೂದು ಯಾರಿಗರ ಬರತೈತಿ. ಬಿಚ್ಚೂದು ಕಲಿ."

ಈಗಿನ ಕೆಂಪು ಹಿಡಿಕೆಯ ಚಾಕು ಕೈಗೆ ಬಂದದ್ದು ಬಹಳ ವರ್ಷಗಳ ಮೇಲೆ. ಹೊರದೇಶದಲ್ಲಿ ಕೆಲಸ ಮಾಡುವ ನಮ್ಮ ಅಕ್ಕನ ಮಗ ತಂದುಕೊಟ್ಟ. ಅದನ್ನು ಮೊದಲ ಸಲ ಬಿಡಿಸಿ ನೋಡಿದ ದಿನ ಅಜ್ಜನ ಮಾತು ಮತ್ತೆ ಕೇಳಿಸಿತು. ಏಕೆಂದರೆ ಅದರಲ್ಲಿ ಕೊಯ್ಯುವುದಕ್ಕೆಂದು ಇರುವುದು ಎರಡು ಅಲಗು, ಒಂದು ಪುಟ್ಟ ಕತ್ತರಿ. ಉಳಿದದ್ದನ್ನು ಎಣಿಸಿ. ಡಬ್ಬಿ ತೆರೆಯುವ ಕೊಕ್ಕೆ. ಬಾಟಲಿಯ ಮುಚ್ಚಳ ಎಬ್ಬಿಸುವ ಕೊಕ್ಕೆ, ಅದರ ತುದಿಯಲ್ಲೇ ಸ್ಕ್ರೂಡ್ರೈವರ್, ಬುಡದಲ್ಲಿ ವೈರಿನ ಸಿಪ್ಪೆ ಸುಲಿಯುವ ಕಚ್ಚು. ತೂತು ಕೊರೆಯುವ ಮೊನೆ. ಬೂಚು ಕೀಳುವ ಸುರುಳಿ. ಸುತಳಿ ಕಟ್ಟಿದ ಗಂಟನ್ನು ಕೈ ಕೊರೆಯದಂತೆ ಎತ್ತಲು ಒಂದು ಕೊಂಡಿ. ಪುಟ್ಟ ಭೂತಗನ್ನಡಿ. ಹಿಡಿಕೆಯ ಸಂದಿಯಲ್ಲಿ ಚಿಮಟ ಮತ್ತು ಹಲ್ಲುಕಡ್ಡಿ. ತೆರೆಯುವುದು, ತಿರುಗಿಸುವುದು, ಎತ್ತುವುದು, ಕೀಳುವುದು, ನೋಡುವುದು. ಕೊಯ್ಯುವುದಕ್ಕಿಂತ ಬೇರೆಯ ಕೆಲಸವೇ ಅದರಲ್ಲಿ ಹೆಚ್ಚು.

ಇಂಥ ಚಾಕು ಹುಟ್ಟಿದ ಕತೆಯೂ ನಮ್ಮಂಥ ಚಿಕ್ಕ ಊರಿನದೇ. ಸ್ವಿಟ್ಜರ್ಲೆಂಡಿನ ಶ್ವೀಟ್ಸ್ ಪ್ರಾಂತದಲ್ಲಿ ಈಬಾಖ್ ಎಂಬ ಊರು. ಅಲ್ಲಿ 1884ರಲ್ಲಿ ಕಾರ್ಲ್ ಎಲ್ಸೆನರ್ ಎಂಬ ಕುಶಲಕರ್ಮಿ ಚಾಕು ಮಾಡುವ ಕಾರ್ಖಾನೆ ತೆರೆದ. ಆಗ ಆ ನಾಡು ಬಡತನದಲ್ಲಿತ್ತು. ಹೊಟ್ಟೆಪಾಡಿಗಾಗಿ ಜನ ಗುಳೆ ಹೋಗುತ್ತಿದ್ದರು. ಅದೇ ಕಾಲಕ್ಕೆ ಅಲ್ಲಿನ ಸೈನ್ಯಕ್ಕೆ ಒಂದು ಮಡಚುವ ಚಾಕು ಬೇಕಾಯಿತು. ಸೈನಿಕರು ಡಬ್ಬಿಯಲ್ಲಿ ತುಂಬಿದ ಆಹಾರ ತಿನ್ನಬೇಕಿತ್ತು, ಹೊಸದಾಗಿ ಬಂದ ಬಂದೂಕನ್ನು ಬಿಚ್ಚಿ ಜೋಡಿಸಲು ಸ್ಕ್ರೂಡ್ರೈವರ್ ಬೇಕಿತ್ತು. ಹೀಗಾಗಿ ಆ ಚಾಕುವಿನಲ್ಲಿ ಅಲಗು, ತೂತು ಕೊರೆಯುವ ಮೊನೆ, ಡಬ್ಬಿ ತೆರೆಯುವ ಕೊಕ್ಕೆ, ಸ್ಕ್ರೂಡ್ರೈವರ್ ಈ ನಾಲ್ಕು ಇರಬೇಕೆಂದು ಗೊತ್ತಾಯಿತು. ಆದರೆ ಅಷ್ಟೊಂದು ಮಾಡಿಕೊಡುವ ಶಕ್ತಿ ಆ ದೇಶದ ಯಾವ ಕಾರ್ಖಾನೆಗೂ ಇರಲಿಲ್ಲ. 1891ರಲ್ಲಿ ಬಂದ ಮೊದಲ 15,000 ಚಾಕುಗಳು ಜರ್ಮನಿಯ ಜೋಲಿಂಗೆನ್ ಪಟ್ಟಣದಲ್ಲಿ ತಯಾರಾದವು.

ನಮ್ಮ ಸೈನಿಕನ ಕಿಸೆಯ ಚಾಕು ನಮ್ಮ ಕೈಯಿಂದ ಆಗಬಾರದೇ ಎಂದು ಎಲ್ಸೆನರ್ ಹಟ ತೊಟ್ಟ. ಚಾಕು ಮಾಡುವ ಇತರರನ್ನು ಕೂಡಿಸಿಕೊಂಡು ಒಂದು ಸಂಘ ಕಟ್ಟಿದ. ನಷ್ಟ ಬಂದಾಗ ಜೊತೆಗಾರರು ಹಿಂದೆ ಸರಿದರು. ಇವನು ಸಾಲದಲ್ಲಿ ಮುಳುಗುವ ಹಂತಕ್ಕೆ ಬಂದರೂ ಬಿಡಲಿಲ್ಲ. 1897ರ ಜೂನ್ 12ರಂದು ಅಧಿಕಾರಿಗಳ ಚಾಕು ಎಂಬ ಹಗುರವಾದ, ಹೆಚ್ಚು ಉಪಕರಣಗಳ ಹೊಸ ಮಾದರಿಯನ್ನು ನೋಂದಾಯಿಸಿದ. ಅದರ ಗುಟ್ಟು ಬೆನ್ನಿನಲ್ಲಿದೆ. ಹಿಡಿಕೆಯ ಬೆನ್ನಿಗೆ ಉಕ್ಕಿನ ಸ್ಪ್ರಿಂಗ್ ಪಟ್ಟಿ ಕೂರಿಸಿ, ಒಂದೇ ಪಟ್ಟಿ ಎರಡೂ ಬದಿಯ ಉಪಕರಣಗಳನ್ನು ಹಿಡಿಯುವಂತೆ ಮಾಡಿದ. ತೆರೆದಾಗ ಬಿಗಿಯಾಗಿ ನಿಲ್ಲಬೇಕು, ಮಡಚಿದಾಗ ತಾನಾಗಿ ಬಾಯಿ ಬಿಡಬಾರದು. ಎರಡೂ ಕೆಲಸ ಆ ಪಟ್ಟಿಯದೇ. 1909ರಲ್ಲಿ ಅವನ ತಾಯಿ ತೀರಿಕೊಂಡಾಗ ಆಕೆಯ ಹೆಸರಾದ ವಿಕ್ಟೋರಿಯಾವನ್ನೇ ತನ್ನ ಸರಕಿಗೆ ಇಟ್ಟ. 1921ರಲ್ಲಿ ತುಕ್ಕು ಹಿಡಿಯದ ಉಕ್ಕು ಬಂದ ಮೇಲೆ, ಅದನ್ನು ಸೂಚಿಸುವ ಇನಾಕ್ಸ್ ಎಂಬ ಪದ ಸೇರಿ ಆ ಹೆಸರು ವಿಕ್ಟೋರಿನಾಕ್ಸ್ ಆಯಿತು. ಗುಳೆ ಹೋಗುವ ಕೈಗಳಿಗೆ ಊರಲ್ಲೇ ಕೆಲಸ ಕೊಡಬೇಕೆಂದು ಹೊರಟವನ ಕತೆ ಇದು. ದುಡಿಮೆ ಹುಡುಕಿ ಗೋವಾದ ಕಡೆಗೆ ಬಸ್ಸು ಹತ್ತುವ ನಮ್ಮ ಭಾಗದ ಹುಡುಗರನ್ನು ಕಂಡಾಗಲೆಲ್ಲ ನನಗೆ ಈಬಾಖ್ ನೆನಪಾಗುತ್ತದೆ.

ಇನ್ನೊಂದು ಕತೆ ಪಕ್ಕಡದ್ದು. ಅಮೆರಿಕದ ಟಿಮ್ ಲೆದರ್‌ಮನ್ ಎಂಬಾತ 1975ರಲ್ಲಿ ಹೆಂಡತಿಯೊಡನೆ ಹಳೆಯ ಫಿಯಾಟ್ ಕಾರಿನಲ್ಲಿ ಯುರೋಪು ಸುತ್ತುತ್ತಿದ್ದ. ಕಾರು ದಾರಿಯಲ್ಲಿ ಕೆಡುತ್ತಿತ್ತು, ಇಳಿದುಕೊಂಡ ಕೋಣೆಯ ನಲ್ಲಿ ಸೋರುತ್ತಿತ್ತು. ಕಿಸೆಯಲ್ಲಿದ್ದ ಚಾಕು ಎಲ್ಲಕ್ಕೂ ಬಂತು. ಹಿಡಿದು ತಿರುಗಿಸಲು ಪಕ್ಕಡ ಮಾತ್ರ ಇರಲಿಲ್ಲ. ಊರಿಗೆ ಮರಳಿ ವರ್ಷಗಟ್ಟಲೆ ದುಡಿದು, ಪಕ್ಕಡವನ್ನೇ ನಡುವಿಗಿಟ್ಟು ಅದರ ಹಿಡಿಕೆಗಳೊಳಗೆ ಉಳಿದದ್ದನ್ನು ಮಡಚಿಟ್ಟ ಉಪಕರಣವನ್ನು ಮಾಡಿದ. ಅದು ಮಾರುಕಟ್ಟೆಗೆ ಬಂದದ್ದು 1983ರಲ್ಲಿ. ನಮ್ಮ ಪಂಪ್‌ಸೆಟ್ ರಿಪೇರಿಯವರ, ಲೈನ್‌ಮನ್‌ಗಳ ಸೊಂಟದಲ್ಲಿ ಅಂಥ ಉಪಕರಣವನ್ನು ಈಗ ನೋಡುತ್ತೇವೆ. ಕೊರತೆ ಎಲ್ಲಿದೆ ಎಂದು ಕಂಡವನೇ ಹೊಸದನ್ನು ಮಾಡುತ್ತಾನೆ.

ಇನ್ನು ನನ್ನ ದಿನನಿತ್ಯದ ಮಾತಿಗೆ ಬರುತ್ತೇನೆ. ನೌಕರಿಯಲ್ಲಿ ಈ ಚಾಕುವಿಗೆ ಅತಿ ಹೆಚ್ಚು ಕೆಲಸ ಬಿದ್ದದ್ದು ಹತ್ತಿಯ ಹೊಲದಲ್ಲಿ. ನಮ್ಮ ಎರೆಭೂಮಿಯ ಹತ್ತಿಗೆ ಗುಲಾಬಿ ಕಾಯಿಕೊರಕ ದೊಡ್ಡ ಶತ್ರು. ಈ ಹುಳು ಕಾಯಿಯ ಒಳಗೆ ಕುಳಿತು ಬೀಜ ತಿನ್ನುತ್ತದೆ. ಮೇಲೆ ನೋಡಿದರೆ ಕಾಯಿ ಹಸಿರಾಗಿ, ನುಣ್ಣಗೆ, ಚೆಲುವಾಗಿಯೇ ಇರುತ್ತದೆ. ಬಿಡಿಸಿ ನೋಡದೆ ಬೇರೆ ದಾರಿಯಿಲ್ಲ. ಹೊಲದ ಬೇರೆ ಬೇರೆ ಕಡೆಯಿಂದ 20 ಹಸಿ ಕಾಯಿ ಕಿತ್ತು, ಸೀಳಿ, 2 ಕಾಯಿಯಲ್ಲಿ ಜೀವಂತ ಹುಳು ಕಂಡರೆ ಔಷಧಿಯ ವಿಚಾರ ಮಾಡಬೇಕು. ಅಂದರೆ ನೂರಕ್ಕೆ 10. ಅದಕ್ಕಿಂತ ಕಡಿಮೆಯಿದ್ದರೆ ಕಾಯಬೇಕು. ಬದುವಿನ ಮೇಲೆ ಕುಳಿತು ಚಿಕ್ಕ ಅಲಗಿನಿಂದ ಒಂದೊಂದೇ ಕಾಯಿ ಸೀಳುವಾಗ ರೈತನ ಉಸಿರು ಕೇಳಿಸುತ್ತಿತ್ತು. ಹುಳು ಕಾಣದೆ ಬೆಳ್ಳಗೆ ತೊಳೆ ಮಾತ್ರ ಕಂಡರೆ ಆ ಮುಖದಲ್ಲಿ ಬರುವ ಕಳೆಯನ್ನು ನಾನು ಮರೆಯುವುದಿಲ್ಲ. ಒಂದು ಔಷಧಿಯ ಖರ್ಚು ಉಳಿಯಿತೆಂದರೆ ಒಂದು ಮನೆಯ ಸಂತೆ ನಡೆಯಿತೆಂದೇ ಲೆಕ್ಕ.

ಭೂತಗನ್ನಡಿಯ ಉಪಯೋಗವೂ ಅಂಥದ್ದೇ. ಮೆಣಸಿನ ಗಿಡದ ಎಲೆ ಮುದುಡಿಕೊಂಡಿತೆಂದು ಕರೆಯುತ್ತಿದ್ದರು. ಎಲೆ ಮುದುಡಿಸುವ ಥ್ರಿಪ್ಸ್ ನುಸಿ ಸುಮಾರು 1 ಮಿಲಿಮೀಟರ್ ಉದ್ದ. ಬರಿಗಣ್ಣಿಗೆ ಧೂಳಿನಂತೆ ಕಾಣುತ್ತದೆ. ಕನ್ನಡಿಯನ್ನು ರೈತನ ಕೈಗೇ ಕೊಟ್ಟು, ಎಲೆಯ ಕೆಳಮೈ ತಿರುವಿ ನೋಡಲು ಹೇಳುತ್ತಿದ್ದೆ. ಹುಳುವನ್ನು ಒಮ್ಮೆ ತಾನೇ ಕಂಡ ರೈತ ಮುಂದಿನ ಸಲ ನನ್ನ ಹಾದಿ ಕಾಯದೆ ತಾನೇ ಗುರುತು ಹಿಡಿಯುತ್ತಿದ್ದ.

ತೂತು ಕೊರೆಯುವ ಮೊನೆಯ ಬುಡದಲ್ಲಿ ಸೂಜಿಗಣ್ಣಿನಂಥ ಒಂದು ರಂಧ್ರವಿದೆ. ಅದರಲ್ಲಿ ಸುತಳಿ ಪೋಣಿಸಿದರೆ ಅದೇ ದಬ್ಬಣ. ರಾಶಿ ಮುಗಿದ ಹೊತ್ತಿನಲ್ಲಿ ಜೋಳದ ಚೀಲ ಹರಿದರೆ ಕಾಳು ಚೆಲ್ಲುವ ಮುಂಚೆ ಹೊಲಿದುಬಿಡಬಹುದು. ಒಮ್ಮೆ ಬನದ ಹುಣ್ಣಿಮೆಯ ಮುನ್ನಾದಿನ ಎಲ್ಲಮ್ಮನ ಗುಡ್ಡಕ್ಕೆ ಹೊರಟಿದ್ದ ಚಕ್ಕಡಿಯೊಂದು ದಾರಿಯಲ್ಲಿ ನಿಂತಿತ್ತು. ಎತ್ತಿನ ಕೊರಳಿಗೆ ಬರುವ ಚರ್ಮದ ಪಟ್ಟಿ ತೂತಿನ ಜಾಗದಲ್ಲೇ ಹರಿದಿತ್ತು. ಚಕ್ಕಡಿಯಲ್ಲಿ ಮುದುಕಿಯರು, ಮಕ್ಕಳು, ಅಡುಗೆಯ ಸಾಮಾನು. ಹರಿದ ತುದಿಯನ್ನು ಬಿಟ್ಟು ಎರಡು ಬೆರಳು ಹಿಂದಕ್ಕೆ ಹೊಸ ತೂತು ಕೊರೆದುಕೊಟ್ಟೆ. ಐದು ನಿಮಿಷದ ಕೆಲಸ. ಚಕ್ಕಡಿಯಲ್ಲಿದ್ದ ಅಜ್ಜಿ ಭಂಡಾರ ತೆಗೆದು ನನ್ನ ಹಣೆಗೆ ಹಚ್ಚಿ, ಹಾಗೆಯೇ ಚಾಕುವಿಗೂ ಹಚ್ಚಿದರು.

ಬೂಚು ಕೀಳುವ ಸುರುಳಿಯ ಕತೆ ಕೇಳಿ. ಬೂಚು ಹಾಕಿದ ಸೀಸೆ ನಮ್ಮ ಕಡೆಯ ಮನೆಗಳಲ್ಲಿ ಅಪರೂಪ. ಆದರೆ ಗಂಟು ಎಲ್ಲ ಮನೆಯಲ್ಲೂ ಇದೆ. ಬಿಗಿದು ಕುಳಿತ ಗಂಟಿನ ನಡುವೆ ಸುರುಳಿಯ ತುದಿ ತೂರಿಸಿ ಮೆಲ್ಲಗೆ ತಿರುಗಿಸಿದರೆ ಎಳೆ ಸಡಿಲಾಗುತ್ತದೆ, ಹಗ್ಗಕ್ಕೆ ಗಾಯವಾಗುವುದಿಲ್ಲ. ಮೇವಿನ ಹೊರೆಯ ಗಂಟು, ಬುತ್ತಿಯ ಗಂಟು, ಮಕ್ಕಳ ಬೂಟಿನ ಗಂಟು ಎಷ್ಟನ್ನು ಹೀಗೆ ಬಿಡಿಸಿದ್ದೇನೋ. ಹಗ್ಗಕ್ಕೆ ದುಡ್ಡು ಕೊಟ್ಟವರಿಗೇ ಅದರ ಬೆಲೆ ಗೊತ್ತು. ಅಜ್ಜ ಹೇಳಿದ ಬಿಚ್ಚುವ ವಿದ್ಯೆಗೆ ಹೀಗೊಂದು ಸಾಧನ ಸಿಕ್ಕಿತು.

ಮನೆಯಲ್ಲಿ ನಮ್ಮ ಮನೆಯಾಕೆ ಚಿಮಟವನ್ನು ತನ್ನದೆಂದೇ ತಿಳಿದಿದ್ದಾರೆ. ಓಣಿಯ ಮಕ್ಕಳ ಕಾಲಿಗೆ ಜಾಲಿಮುಳ್ಳು ನೆಟ್ಟರೆ ನಮ್ಮ ಕಟ್ಟೆಗೇ ಬರುತ್ತಾರೆ. ಮುಳ್ಳನ್ನು ಮುಳ್ಳಿನಿಂದ ತೆಗೆಯಬೇಕೆಂಬ ಗಾದೆಯಿದ್ದರೂ, ಬಿಸಿನೀರಿನಲ್ಲಿ ತೊಳೆದ ಚಿಮಟ ಅದಕ್ಕಿಂತ ಒಳ್ಳೆಯದು. ಮುಳ್ಳು ಹೊಕ್ಕ ದಿಕ್ಕಿನಲ್ಲೇ ಹಿಡಿದು ಎಳೆದರೆ ತುದಿ ಮುರಿಯುವುದಿಲ್ಲ. ಚಿಕ್ಕ ಸ್ಕ್ರೂಡ್ರೈವರ್‌ನಿಂದ ಪ್ರೆಷರ್ ಕುಕ್ಕರಿನ ಹಿಡಿಕೆ ಬಿಗಿಯಾಗುತ್ತದೆ, ಹೊಲಿಗೆ ಯಂತ್ರದ ಪಟ್ಟಿ ಕೂರುತ್ತದೆ. ಒಂದು ಎಚ್ಚರಿಕೆಯ ಮಾತು: ವಿದ್ಯುತ್ತಿನ ಕೆಲಸಕ್ಕೆ ಈ ಚಾಕುವನ್ನು ತೆಗೆಯುವ ಮುನ್ನ ಮೇನ್ ಸ್ವಿಚ್ ಆರಿಸಲೇಬೇಕು. ಹಿಡಿಕೆ ಪ್ಲಾಸ್ಟಿಕ್ಕಿನದಾದರೂ ಬೆನ್ನು ಉಕ್ಕಿನದು, ಕರೆಂಟು ನೇರ ಕೈಗೆ ಬರುತ್ತದೆ.

ಇಷ್ಟು ಹೇಳಿದ ಮೇಲೆ ಇದರ ಮಿತಿಯನ್ನೂ ಹೇಳಬೇಕು. ಈ ಚಾಕುವಿನ ಸ್ಕ್ರೂಡ್ರೈವರ್ ಮೆಕ್ಯಾನಿಕ್ಕಿನ ಸ್ಕ್ರೂಡ್ರೈವರಿಗೆ ಸಮನಲ್ಲ. ಇದರ ಕತ್ತರಿ ಸಿಂಪಿಗರ ಕತ್ತರಿಯಲ್ಲ. ಬಡಿಗರು ಬರುವ ತನಕ ಬಾಗಿಲು ನಿಲ್ಲಬೇಕು, ಕಮ್ಮಾರರ ಕುಲುಮೆ ಮುಟ್ಟುವ ತನಕ ಕೂರಿಗೆ ನಡೆಯಬೇಕು. ಅಷ್ಟು ಮಾಡಿಕೊಟ್ಟರೆ ಇದರ ಕೆಲಸ ಮುಗಿಯಿತು. ಆಪತ್ತಿಗಾದವನೇ ನೆಂಟ ಎನ್ನುತ್ತೇವಲ್ಲ, ಇದು ಆ ಬಗೆಯ ನೆಂಟ. ಬೇಕಾದ ಹೊತ್ತಿಗೆ ಬಳಿಯಲ್ಲಿರುವುದೇ ಇದರ ದೊಡ್ಡ ಗುಣ.

ಈಗ 2019ರ ಆಗಸ್ಟ್ ತಿಂಗಳಿಗೆ ಬರುತ್ತೇನೆ. ಆ ವರ್ಷದ ಮಹಾಪೂರವನ್ನು ಮುನವಳ್ಳಿಯವರು, ರಾಮದುರ್ಗದವರು ಮರೆಯುವಂತಿಲ್ಲ. ಮಲಪ್ರಭೆ ಹುಟ್ಟುವ ಖಾನಾಪುರದ ಕಣಕುಂಬಿಯ ಕಡೆ ಎಡೆಬಿಡದೆ ಮಳೆ ಸುರಿಯಿತು. ನವಿಲುತೀರ್ಥದ ಜಲಾಶಯ ತುಂಬಿತು, ನೀರು ಹೊರಗೆ ಬಿಟ್ಟರು, ಹೊಳೆ ಊರೊಳಗೆ ಬಂತು. ನಮ್ಮ ಓಣಿಯ ಕೆಳಗಿನ ತುದಿಯಲ್ಲಿ ಒಬ್ಬ ಕಾಕಾ ಇದ್ದಾರೆ. ಅವರ ಕೊಟ್ಟಿಗೆಯಲ್ಲಿ ಒಂದು ಆಕಳು, ಒಂದು ಕರು, ಎರಡು ಎತ್ತು. ನಾವು ನಾಲ್ಕೈದು ಜನ ಹೋದಾಗ ನೀರು ಮೊಳಕಾಲು ಮುಟ್ಟಿತ್ತು, ಕಣ್ಣೆದುರೇ ಏರುತ್ತಿತ್ತು.

ಎತ್ತುಗಳ ಹಗ್ಗ ಬಿಚ್ಚಿತು. ಆಕಳು ಹೆದರಿ ಹಿಂದಕ್ಕೆ ಜಗ್ಗುತ್ತಿತ್ತು. ಹಗ್ಗ ನೆನೆದು ಉಬ್ಬಿತ್ತು. ಜಗ್ಗಿದಷ್ಟೂ ಗಂಟು ಬಿಗಿಯುತ್ತಿತ್ತು. ಕಾಕಾ ಬೆರಳು ಹಾಕಿದರು, ಆಗಲಿಲ್ಲ. ನಾನು ಸುರುಳಿ ತೂರಿಸಿ ನೋಡಿದೆ, ಎಳೆ ಕದಲಲಿಲ್ಲ. ನೀರು ತೊಡೆಗೆ ಬಂತು. ಕಾಕಾ ನನ್ನ ಮುಖ ನೋಡಿ, "ಕೊಯ್ಯೋ ತಮ್ಮಾ, ಹಗ್ಗ ಹೋದರ ಹೋಗಲಿ" ಅಂದರು.

ದೊಡ್ಡ ಅಲಗು ತೆಗೆದೆ. ಆಕಳ ಕೊರಳಿನಿಂದ ದೂರಕ್ಕೆ, ಗೂಟದ ಹತ್ತಿರ, ನನ್ನ ಮೈಯಿಂದ ಹೊರಮುಖವಾಗಿ ಅಲಗಿಟ್ಟು ಮೂರು ಸಲ ಎಳೆದೆ. ಹಿಂದಿನ ವಾರವಷ್ಟೇ ಸಾಣೆ ಹಿಡಿದಿದ್ದೆ. ಹಗ್ಗ ಹರಿಯಿತು, ಆಕಳು ನೀರು ಸೀಳಿಕೊಂಡು ಕರುವಿನ ಕಡೆಗೆ ಓಡಿತು. ನಾವು ಎಲ್ಲವನ್ನೂ ಹೊಡೆದುಕೊಂಡು ಎತ್ತರದ ಕಡೆಗೆ ಬಂದೆವು. ಬಹಳ ಹೊತ್ತಿನ ಮೇಲೆ ನೋಡಿದರೆ ಚಾಕು ಇನ್ನೂ ತೆರೆದೇ ನನ್ನ ಮುಷ್ಟಿಯಲ್ಲಿತ್ತು.

ಅವತ್ತಿನಿಂದ ಅಜ್ಜನ ಮಾತಿನ ಇನ್ನರ್ಧ ನನಗೆ ತಿಳಿಯಿತು. ಬಿಚ್ಚುವುದನ್ನು ಕಲಿತವನಿಗೆ ಮಾತ್ರ ಕೊಯ್ಯುವ ಹೊತ್ತು ಯಾವುದೆಂದು ಗೊತ್ತಾಗುತ್ತದೆ. ಮೊದಲು ಬೆರಳು, ಆಮೇಲೆ ಸುರುಳಿ, ಎರಡೂ ಸೋತ ಮೇಲೆ ಅಲಗು. ಈ ಕ್ರಮವನ್ನು ಹಗ್ಗದ ಆಚೆಗೂ, ಮನೆಯ ಜಗಳದಲ್ಲೂ, ಅಣ್ಣತಮ್ಮಂದಿರ ಹೊಲದ ವ್ಯಾಜ್ಯದಲ್ಲೂ ಪಾಲಿಸಿದರೆ ಎಷ್ಟೋ ಸಂಬಂಧಗಳು ಉಳಿಯುತ್ತವೆ ಎಂದು ನಾನು ನಂಬಿದ್ದೇನೆ.

ಇಂಥ ಚಾಕು ಇಟ್ಟುಕೊಳ್ಳುವವರಿಗೆ ಅನುಭವದಿಂದ ಕೆಲವು ಮಾತು. ಹರಿತವಿಲ್ಲದ ಚಾಕು ಹೆಚ್ಚು ಅಪಾಯ. ಬಲ ಹಾಕುತ್ತೇವೆ, ಅಲಗು ಜಾರುತ್ತದೆ, ಕೈ ಕೊಯ್ಯುತ್ತದೆ. ಸಾಣೆಕಲ್ಲಿನ ಮೇಲೆ ಅಲಗನ್ನು 15ರಿಂದ 20 ಡಿಗ್ರಿ ಓರೆಯಾಗಿ ಹಿಡಿದು ಎರಡೂ ಬದಿ ಸಮನಾಗಿ ಎಳೆಯಿರಿ. ಗಡಸು ಅತಿಯಾದ ಉಕ್ಕಿಗೆ ಹರಿತ ಬಹಳ ದಿನ ನಿಂತೀತು, ಆದರೆ ಸಾಣೆಗೆ ಬಗ್ಗದು, ಬಾಯಿ ಚಕ್ಕೆ ಏಳುತ್ತದೆ. ಮೆದುವಾದರೆ ಬೇಗ ಮೊಂಡಾಗುತ್ತದೆ. ನಮ್ಮ ಕಮ್ಮಾರರು ಉಕ್ಕನ್ನು ಕಾಯಿಸಿ, ನೀರಿಗದ್ದಿ, ಮತ್ತೆ ಹದವಾಗಿ ಬಿಸಿ ಮಾಡಿ ಬಣ್ಣ ನೋಡುವುದು ಈ ನಡುವಿನ ಹದಕ್ಕಾಗಿಯೇ. ಹತ್ತಿಯ ಸೀಮೆಯಲ್ಲಿ ಕಿಸೆಯ ತುಂಬ ಎಳೆ. ಅದು ಕೀಲುಗಳಲ್ಲಿ ಸೇರಿ ಚಾಕು ಬಿಗಿಯುತ್ತದೆ. ಸೋಪಿನ ಬಿಸಿನೀರಿನಲ್ಲಿ ತೆರೆದು ಮುಚ್ಚಿ ತೊಳೆದು, ಒಣಗಿಸಿ, ಹೊಲಿಗೆ ಯಂತ್ರದ ಎಣ್ಣೆ ಒಂದೊಂದು ಹನಿ ಬಿಟ್ಟರೆ ಮತ್ತೆ ಹೊಸದರಂತೆ ಆಡುತ್ತದೆ.

ಚಾಕು, ಕತ್ತರಿಗಳನ್ನು ಕೈಯಿಂದ ಕೈಗೆ ಕೊಡಬಾರದು, ಜಗಳವಾಗುತ್ತದೆ ಎಂದು ನಮ್ಮ ಹಿರಿಯರು ಕೆಳಗಿಟ್ಟು ಕೊಡುತ್ತಿದ್ದರು. ಆ ನಂಬಿಕೆಯ ಒಳಗೆ ಬೆರಳು ಉಳಿಸುವ ವಿವೇಕವಿದೆ. ನಾನು ಇವತ್ತಿಗೂ ಮಡಚಿ, ಕೆಳಗಿಟ್ಟೇ ಕೊಡುತ್ತೇನೆ.

ಕಾನೂನನ್ನೂ ತಿಳಿದಿರಬೇಕು. 1959ರ ಶಸ್ತ್ರಾಸ್ತ್ರ ಕಾಯಿದೆಯಡಿಯ ನಿಯಮಗಳ ಪ್ರಕಾರ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗುಳ್ಳ ಚಾಕು ಆಯುಧವೆನಿಸುತ್ತದೆ; ಮನೆ, ಒಕ್ಕಲುತನ, ವಿಜ್ಞಾನ, ಉದ್ಯಮದ ಕೆಲಸಕ್ಕೆಂದು ಮಾಡಿದವು ಅದರಿಂದ ಹೊರಗೆ. ಕಿಸೆಯ ಚಾಕು ಆ ಅಳತೆಗೆ ಬಹಳ ಕೆಳಗಿದೆ. ಹಾಗೆಂದು ಎಲ್ಲ ಕಡೆ ಒಯ್ಯುವ ವಸ್ತುವಲ್ಲ. ಪರೀಕ್ಷೆಯ ಕೋಣೆ, ನ್ಯಾಯಾಲಯ, ಸಭೆ, ಪೊಲೀಸರು ನಿರ್ಬಂಧ ಹಾಕಿದ ಜಾಗ, ಇಲ್ಲೆಲ್ಲ ಅದು ಮನೆಯಲ್ಲೇ ಇರಬೇಕು. ವಿಮಾನದಲ್ಲಿ ಕೈಚೀಲದಲ್ಲಿ ಬಿಡುವುದಿಲ್ಲ. ಕೆಳಗೆ ಹಾಕುವ ದೊಡ್ಡ ಪೆಟ್ಟಿಗೆಯಲ್ಲಿ ಇಡಬೇಕು. ಒಮ್ಮೆ ನಾನು ಮರೆತು ಕಿಸೆಯಲ್ಲೇ ಇಟ್ಟುಕೊಂಡು ಹೋಗಿದ್ದೆ. ತಪಾಸಣೆಯವರು ಸೌಜನ್ಯದಿಂದಲೇ ತಡೆದರು. ನಿಯಮ ಎಲ್ಲರ ಜೀವಕ್ಕಾಗಿ ಇರುವುದು. ಬೀಳ್ಕೊಡಲು ಬಂದಿದ್ದ ತಮ್ಮನನ್ನು ಕರೆಸಿ ಅವನ ಬಳಿ ಕೊಟ್ಟು ಹೋದೆ.

ಖಂಡೇನವಮಿಯ ಖಂಡೆ ಎಂದರೆ ಕತ್ತಿ. 1824ರ ಅಕ್ಟೋಬರಿನಲ್ಲಿ ನಮ್ಮ ನೆರೆಯ ಕಿತ್ತೂರಿನ ರಾಣಿ ಚೆನ್ನಮ್ಮ ಹಿಡಿದದ್ದು ಅದನ್ನೇ. ನಾಡು ಉಳಿಸಲು ಅದು ಬೇಕಾಗಿದ್ದ ಕಾಲವಿತ್ತು. ಆ ಕತ್ತಿಯ ಹೆಸರಿನ ಹಬ್ಬದಲ್ಲಿ ನಾವು ಇಂದು ಕುಡಗೋಲನ್ನು, ಲಾಳಿಯನ್ನು, ಸೂಜಿಯನ್ನು, ಪಾನಾ ಪಕ್ಕಡಗಳನ್ನು ಪೂಜಿಸುತ್ತೇವೆ. ದುಡಿಯುವ ವಸ್ತುವಿಗೆ ಕತ್ತಿಯ ಪಕ್ಕದಲ್ಲಿ ಜಾಗ ಕೊಟ್ಟ ನಮ್ಮ ಹಿರಿಯರಿಗೆ ನಾನು ಕೈ ಮುಗಿಯುತ್ತೇನೆ.

ಮಹಾಪೂರ ಇಳಿದು, ಕೆಸರು ಬಳಿದು, ಕೊಟ್ಟಿಗೆ ಒಣಗಿದ ಮೇಲೆ ಒಂದು ಸಂಜೆ ಕಾಕಾ ನಮ್ಮ ಕಟ್ಟೆಗೆ ಬಂದರು. ಕೈಯಲ್ಲಿ ಆ ಹಗ್ಗದ ಎರಡು ತುಂಡು. "ಹೊಸಾದು ತರಬಹುದು, ಆದರ ಇದನ್ನ ಒಗೀಲಿಕ್ಕೆ ಮನಸು ಬರವಲ್ದು" ಅಂದರು. ಇಬ್ಬರೂ ಕುಳಿತೆವು. ಹುರಿ ಬಿಚ್ಚಿ ಮೂರು ಮೂರು ಎಳೆ ಬಿಡಿಸಿದೆವು. ನಾನು ಚಾಕುವಿನ ಮೊನೆಯಿಂದ ಹುರಿಯನ್ನು ಅಗಲಿಸುತ್ತ ಹೋದೆ, ಕಾಕಾ ಎಳೆ ತೂರಿಸುತ್ತ ಬಂದರು. ಒಂದರ ಮೇಲೆ, ಒಂದರ ಕೆಳಗೆ. ದೀಪ ಹಚ್ಚುವ ಹೊತ್ತಿಗೆ ಹಗ್ಗ ಒಂದಾಯಿತು. ಬೆಸೆದ ಜಾಗ ಸ್ವಲ್ಪ ದಪ್ಪ, ಕೈಗೆ ಸಿಗುತ್ತದೆ. ಆ ಆಕಳನ್ನು ಇವತ್ತಿಗೂ ಅದೇ ಹಗ್ಗದಲ್ಲಿ ಕಟ್ಟುತ್ತಾರೆ.

ನಾಳೆ ಚಾಕುವಿಗೆ ಪೂಜೆ. ಇವತ್ತು ರಾತ್ರಿ ಅದರ ಕೀಲಿಗೆ ಎಣ್ಣೆ ಬಿಡುವಾಗ ಮೊದಲ ಹನಿಯನ್ನು ಆ ಮೊನೆಗೇ ಬಿಡುತ್ತೇನೆ.

 ಬನ್ನಿ ತಗೊಂಡು ಬಂಗಾರದಂಗ ಇರೋಣ.